ಗಣಪತಿಯ ಮೂಲೆಯಲ್ಲಿ ಫ್ರೆಂಚ್ ಸೈಕಲ್

ಹಳೇ ಸೈಕಲ್ ರಿಪೇರಿಗೆ ಕೈಹಾಕಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ. ದಿವಾ ಸ್ಟೇಷನ್ ಹತ್ತಿರದ ಗುಜರಿ ಅಂಗಡಿಯಲ್ಲಿ ನನಗೊಂದು ಫ್ರೆಂಚ್ ಸೈಕಲ್ ಸಿಕ್ಕಿತು. ನನಗಿಂತ ಹಿರಿಯದು, ನನಗಿಂತ ತೆಳ್ಳಗಿನದು. ತಂದು ಕಳವಾ ಸ್ಟೇಷನ್ ಬಳಿಯ ನಮ್ಮ ಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ಹೆಂಡತಿ ನೋಡಿ, "ಅದು ಚೌತಿಗೆ ಒಂದೂವರೆ ದಿನ ಗಣಪತಿ ಕೂರುವ ಜಾಗ. ಅಷ್ಟರೊಳಗೆ ಇದು ಓಡ್ಬೇಕು, ಇಲ್ಲದಿದ್ರೆ ಬಂದಲ್ಲಿಗೇ ಹೋಗ್ಬೇಕು," ಎಂದಳು.

೧. ಎರಡು ಸುತ್ತಿನ ಪೆಡಲ್

ಸೈಕಲ್ಲಿಗೆ ಒಂದು ಪೆಡಲ್ ಇರಲಿಲ್ಲ. ನಮ್ಮ ಬೀದಿಯ ಸೈಕಲ್ ಮಿಸ್ತ್ರಿ ಇಲ್ಲಿಯದೇ ಒಂದನ್ನು ತಂದು ತಿರುಗಿಸಿದರು. ಎರಡು ಸುತ್ತು ಹೋಗಿ ನಿಂತಿತು. ಫ್ರೆಂಚ್ ಥ್ರೆಡ್ಡಿನ, ಅಂದರೆ ಸ್ಕ್ರೂ ಸುತ್ತಿನ, ಅಳತೆಯೇ ಬೇರೆ ಎಂದು ನಾನು ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, ಪೆಡಲ್ ಬಿಚ್ಚಿಕೊಂಡು, "ಸಾಬ್, ಇತ್ನಾ ಮಾಲೂಮ್ ಥಾ ತೋ ಖರೀದಾ ಕ್ಯೂಂ?" ಎಂದರು. ಇಷ್ಟೆಲ್ಲ ಗೊತ್ತಿದ್ದೂ ಕೊಂಡದ್ದೇಕೆ, ಅಂತ.

೨. ಟರ್ನರರ ಉಗುರು

ರಬಾಳೆಯಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡಿರುವ ಉಡುಪಿ ಕಡೆಯ ಟರ್ನರ್ ಒಬ್ಬರಿದ್ದಾರೆ. ಉಳಿದಿದ್ದ ಪೆಡಲಿನ ಥ್ರೆಡ್ ಮೇಲೆ ಉಗುರು ಎಳೆದು, "ಸುತ್ತುಗಳ ನಡುವೆ ಒಂದೂಕಾಲು ಮಿಲಿಮೀಟರ್," ಎಂದರು. ಆಮೇಲೆ ಗೇಜ್ ಇಟ್ಟು ನೋಡಿದರೆ ಅಷ್ಟೇ. ಆ ಕೈಗೆ ನಾನು ಮಾರುಹೋದೆ. ಅವರು ಕಡೆದುಕೊಟ್ಟ ಹೊಸ ಪೆಡಲ್ ಬೆರಳಿನಲ್ಲೇ ಸಲೀಸಾಗಿ ಒಳಗೆ ಹೋಯಿತು. ಹೊರಡುವಾಗ ನೋಡಿದೆ, ಅವರ ಕನ್ನಡಕದ ಕಡ್ಡಿಗೆ ದಾರ ಕಟ್ಟಿತ್ತು. ಕೇಳಿದರೆ, "ಅದರ ಸ್ಕ್ರೂ ಮಾತ್ರ ಮ್ಯಾಚ್ ಆಗ್ಲಿಲ್ಲ ಮಾರಾಯ್ರೆ," ಎಂದರು.

೩. ಬಲಗಡೆಯ ಕಪ್

ಕೊನೆಗೆ ಉಳಿದದ್ದು ಪೆಡಲಿನ ಅಚ್ಚು ಕೂರುವ ಬಲಗಡೆಯ ಕಪ್. ತುಕ್ಕು ಹಿಡಿದಿತ್ತು; ಅದನ್ನು ಬಿಚ್ಚಿ ಶುಚಿಮಾಡದೆ ಪೆಡಲ್ ತಿರುಗುವಂತಿರಲಿಲ್ಲ. ನಮ್ಮ ದೇಶದ ಸೈಕಲ್ಲಿನಲ್ಲಿ ಅದೊಂದನ್ನು ಉಲ್ಟಾ ತಿರುಗಿಸಿದರೇ ಬಿಚ್ಚುವುದು. ಮೂವತ್ತು ವರ್ಷದ ಅನುಭವದ ಮೇಲೆ ಮಿಸ್ತ್ರಿ ಹಾಗೆಂದರು, ಟರ್ನರ್ ಹೂಂಗುಟ್ಟಿದರು, ನಾನು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋತುಬಿದ್ದೆ. ನಾಲ್ಕು ಭಾನುವಾರ ಮೂವರೂ ನಮ್ಮ ಮನೆಯಲ್ಲಿ ಬೆವರಿದೆವು, ಅಲ್ಲೇ ಉಂಡೆವು. ಚೌತಿಗೆ ಎರಡೇ ದಿನ ಉಳಿಯಿತು. ನನಗಂತೂ ಅಳುವೇ ಬಂದಿತ್ತು.

ಚಹಾ ತಂದ ಹೆಂಡತಿ, "ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆದ ಹಾಗೆ ತೆಗ್ದು ನೋಡಿದ್ರಾ?" ಎಂದವಳೇ ಪೈಪನ್ನು ಇನ್ನೊಂದು ಕಡೆಗೆ ಒತ್ತಿದಳು. ಕಟ್ ಎಂದು ಸಡಿಲವಾಯಿತು. ಫ್ರೆಂಚರದ್ದು ಸೀದಾ ಥ್ರೆಡ್; ನಾಲ್ಕು ವಾರ ನಾವು ಅದನ್ನು ಬಿಗಿಯುತ್ತಿದ್ದೆವು. ಟರ್ನರ್ ಎದ್ದು ಅವಳಿಗೆ ಕೈಮುಗಿದರು.

ಸಂಜೆ ಸೈಕಲ್ ಓಡಿತು, ಮೂಲೆ ಖಾಲಿಯಾಯಿತು. ಅಡುಗೆಮನೆಗೆ ಹೋಗಿ ಕೇಳಿದೆ, "ಇನ್ನೆರಡು ದಿನ ಸುಮ್ಮನಿದ್ದಿದ್ರೆ ಸೈಕಲ್ ಗುಜರಿಗೆ ಹೋಗ್ತಿತ್ತಲ್ಲ. ಯಾಕೆ ಉಳಿಸಿದೆ?"

ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು: "ಇದು ಹೋದ್ರೆ ನೀವು ಇನ್ನೊಂದು ತರ್ತೀರಿ. ಅವರಿಬ್ಬರೂ ಮತ್ತೆ ಮೊದಲಿಂದ ಭಾನುವಾರ ಊಟಕ್ಕೆ ಕೂರ್ತಾರೆ. ಗಣಪತಿಯಾದ್ರೂ ಒಂದೂವರೆ ದಿನಕ್ಕೆ ಏಳ್ತಾನೆ."