ಅಗಳಿ ಇಲ್ಲದ ಬಾಗಿಲು

ಗೋಕಾಕದ ಪಾಲಿಟೆಕ್ನಿಕ್ಕಿನಲ್ಲಿ ನಾನು ಹದಿನಾರು ವರ್ಷದಿಂದ ನೀರು ಕಲಿಸುತ್ತಿದ್ದೇನೆ. ಈಜಲ್ಲ, ನೀರಿನ ಒತ್ತಡ. ನೀರಿನಲ್ಲಿ ನಿಲ್ಲಿಸಿದ ಚಪ್ಪಟೆ ಹಲಗೆಯನ್ನು ನೀರು ಎಷ್ಟು ಜೋರಾಗಿ ಒತ್ತುತ್ತದೆ, ಎಲ್ಲಿ ಒತ್ತುತ್ತದೆ ಎಂದು ಅಳೆಯುವ ಉಪಕರಣವೊಂದು ನಮ್ಮ ಲ್ಯಾಬಿನಲ್ಲಿದೆ. ಒಂದು ಕಡೆ ನೀರು ಸುರಿಯಬೇಕು, ಇನ್ನೊಂದು ಕಡೆ ತೂಕದ ಕಲ್ಲು ಇಡಬೇಕು, ಎರಡೂ ಸಮವಾದಾಗ ಬರೆದುಕೊಳ್ಳಬೇಕು. ಪ್ರಯೋಗಕ್ಕೆ ಎರಡು ಭಾಗ. ನೀರು ಹಲಗೆಯ ತಲೆಯವರೆಗೆ ಇರುವಾಗ ಒಂದು, ನೀರು ತಲೆ ದಾಟಿ ಹಲಗೆ ಪೂರ್ತಿ ಮುಳುಗಿದಾಗ ಇನ್ನೊಂದು. ಮೊದಲ ಭಾಗ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. "ಎರಡನೇದು ಮನ್ಯಾಗ ಓದ್ಕೋರಿ" ಎಂದು ಹೇಳಿ ಚಹಾಕ್ಕೆ ಹೋಗುವುದು ನಾನು ಹದಿನಾರು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತ.

ನನ್ನ ಮಾವ ಬೀರಪ್ಪನವರದು ಘೋಡಗೇರಿ. ಅರವತ್ತು ಕುರಿ, ಸ್ವಲ್ಪ ಹೊಲ. ಅವರ ಲೆಕ್ಕದಲ್ಲಿ ಲೋಕದ ಗಂಡಸರು ಎರಡೇ ಬಗೆ: ಕೆಲಸಕ್ಕೆ ಬರುವವರು ಮತ್ತು ಮಾಸ್ತರರು. ನನ್ನ ಷಡ್ಡಕ ಯಲ್ಲಪ್ಪ ಬಂದರೆ ಕುರಿ ಹಿಡಿಯಲು ಕರೆಯುತ್ತಾರೆ. ನಾನು ಹೋದರೆ ಹಗ್ಗದ ಹೊರಸು ಹಾಕಿ, ದಿಂಬು ಕೊಟ್ಟು, "ಕುಂದರ್ರಿ ಅಳಿಯಾರ" ಎನ್ನುತ್ತಾರೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರು ನನಗೆ ಒಂದು ಕೆಲಸವನ್ನೂ ಹೇಳಿರಲಿಲ್ಲ. ಆ ದಿಂಬು ಮರ್ಯಾದೆ ಎಂದು ನಾನು ತಿಳಿದಿದ್ದೆ. ಅಲ್ಲ ಎಂದು ನನ್ನ ಹೆಂಡತಿ ರೇಣುಕಾ ಬಿಡಿಸಿ ಹೇಳಿದ ಮೇಲೆ ಅದಕ್ಕೆ ಒರಗಿದಾಗಲೆಲ್ಲ ಬೆನ್ನು ಚುಚ್ಚುತ್ತಿತ್ತು.

ಅಂಥ ಮಾವ ಒಂದು ದಿನ ತಾವೇ ಫೋನು ಮಾಡಿದರು.

"ಅಳಿಯಾರ, ಕುರಿ ತೊಳಿಯೂ ಟಾಕಿ ಬಾಗಲಾ ಕೊಳತೈತ್ರಿ. ನೀವು ನೀರಿನ ಮ್ಯಾಲ ಓದಿದವ್ರು ಅಂತ ರೇಣವ್ವ ಅಂದ್ಲು. ಬರುಮುಂದ ಒಂದ ಹಲಗಿ ತರ್ರಿ."

ಉಣ್ಣೆ ಕತ್ತರಿಸುವ ಮುನ್ನ ಕುರಿಗಳ ಮೈ ತೊಳೆಯಬೇಕು. ಮಣ್ಣು ಮೆತ್ತಿದ ಉಣ್ಣೆಗೆ ಕತ್ತರಿ ಮೊಂಡಾಗುತ್ತದೆ. ಅದಕ್ಕಾಗಿ ಮಾವ ಹೊಲದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದರು. ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಗೆ ಬಂದಾಗ ತುಂಬಿಸಿಕೊಳ್ಳುವುದು, ಕುರಿ ತೊಳೆದ ಮೇಲೆ ಗೋಡೆಯ ಬುಡದ ಬಾಗಿಲು ತೆಗೆದು ಗೋವಿನಜೋಳಕ್ಕೆ ಬಿಡುವುದು. ಸೋಮವಾರ ಮೂಡಲಗಿಯ ಬೀಗರು ಕತ್ತರಿ ಹಿಡಿದು ಬರುವವರಿದ್ದರು. ಮಂಗಳವಾರ ಅವರಿಗೆ ಬೇರೆಯವರ ಹಿಂಡು ಕಾಯುತ್ತಿತ್ತು. ಆದ್ದರಿಂದ ಭಾನುವಾರವೇ ಕುರಿ ತೊಳೆದು ಮುಗಿಯಬೇಕು.

"ಅಪ್ಪ ಹನ್ನೊಂದ ವರ್ಷದಾಗ ಮೊದಲನೇ ಸಲ ನಿಮಗೊಂದ ಕೆಲಸ ಹೇಳ್ಯಾನ. ಒಂದ ಹಲಗಿ ಒಯ್ದ ಕೊಟ್ಟ ಬರ್ರಿ, ಸಾಕು" ಎಂದಳು ರೇಣುಕಾ.

ಹಲಗೆಯೇ? ಹದಿನಾರು ವರ್ಷದ ವಿದ್ಯೆಗೆ ಬರೀ ಹಲಗೆಯೇ? ನಾನು ಮೂರು ಸಂಜೆ ಕುಳಿತು ಲೆಕ್ಕ ಮಾಡಿದೆ. ನೀರು ಕೆಳಗೆ ಹೋದಷ್ಟೂ ಹೆಚ್ಚು ಒತ್ತುತ್ತದೆ. ಆ ಒತ್ತಡವನ್ನೆಲ್ಲ ಕೂಡಿಸಿದರೆ ಅದು ಒಂದೇ ಬಿಂದುವಿನಲ್ಲಿ ಬಿದ್ದಂತೆ. ನೀರು ಸರಿಯಾಗಿ ಬಾಗಿಲಿನ ತಲೆಯವರೆಗೆ ಇದ್ದರೆ ಆ ಬಿಂದು ಬುಡದಿಂದ ಮೂರನೇ ಒಂದು ಪಾಲು ಎತ್ತರದಲ್ಲಿ ಇರುತ್ತದೆ. ಮೂರು ಅಡಿ ಬಾಗಿಲಿಗೆ ಒಂದು ಅಡಿ. ಅಲ್ಲೇ ಒಂದು ಅಡ್ಡ ಸರಳು ಹಾಕಿ, ಅದರ ಮೇಲೆ ಬಾಗಿಲನ್ನು ತೂಗುಬಿಟ್ಟರೆ ಅದು ಆ ಕಡೆಗೂ ವಾಲುವುದಿಲ್ಲ, ಈ ಕಡೆಗೂ ವಾಲುವುದಿಲ್ಲ. ಬುಡಕ್ಕೆ ಒಂದು ತಡೆ ಇದ್ದರಾಯಿತು. ಅಷ್ಟು ನೀರು ಹೊತ್ತ ಬಾಗಿಲನ್ನು ಒಂದೇ ಬೆರಳಿನಿಂದ ತೆಗೆಯಬಹುದು!

ಹುಕ್ಕೇರಿಯ ದಸ್ತಗೀರಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಬಾಗಿಲು ತಯಾರಾಯಿತು. ಕೊನೆಗೆ ಅವರು ಕೇಳಿದರು.

"ಸರ್, ಚಿಲಕ ಎಲ್ಲಿ ಹಚ್ಚಲಿರಿ?"

"ಚಿಲಕ ಬ್ಯಾಡ್ರಿ. ಇದು ಗಣಿತದ ಮ್ಯಾಲ ನಿಲ್ಲೂ ಬಾಗಲಾ ಐತಿ."

"ಗಣಿತ ನಮ್ಮ ಅಂಗಡ್ಯಾಗ ಸಿಗೂದಿಲ್ರಿ. ಚಿಲಕ ಐತಿ. ಒಂದ ಹಚ್ಚಿರತೀನಿ, ಇರ್ಲಿ."

ನಾನು ನಕ್ಕು, ಚಿಲಕವಿಲ್ಲದೆಯೇ ಬಾಗಿಲು ತಂದೆ. ಆ ನಗು ನೆನಪಾದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಶನಿವಾರ ಬಾಗಿಲು ಕೂಡಿಸಿದೆವು. ಕಾಲುವೆ ನೀರು ನಿಲ್ಲುವ ಮೊದಲು ತೊಟ್ಟಿ ತುಂಬಿಸಿ, ನೀರು ಬಾಗಿಲಿನ ತಲೆಗೆ ಮುಟ್ಟಿದ ಕೂಡಲೇ ನಿಲ್ಲಿಸಿದೆವು. ಗೋಡೆ ಅದರ ಮೇಲೆ ಇನ್ನೂ ಒಂದು ಅಡಿ ಇತ್ತು. ಮಾವ ಬಾಗಿಲನ್ನು ಸುತ್ತಿ ನೋಡಿದರು. ಅವರ ಕೈಯಲ್ಲಿ ಜಾಲಿ ಕಟ್ಟಿಗೆಯ ಒಂದು ಗಟ್ಟಿ ತುಂಡಿತ್ತು.

"ಅಳಿಯಾರ, ಹೊರಗಿಂದ ಒಂದ ಅಗಳಿ ಕೊಡೂಣೇನ್ರಿ?"

"ಅಗಳಿ ಕೊಟ್ರ ಇದರ ಮರ್ಯಾದಿ ಏನ ಉಳೀತ್ರಿ ಮಾವಾರ?"

ಅವರು ಆ ಕಟ್ಟಿಗೆಯನ್ನು ಗೋಡೆಗೆ ಆನಿಸಿಟ್ಟರು.

ಭಾನುವಾರ ಬೆಳಿಗ್ಗೆ ಪ್ರದರ್ಶನ. ಎಲ್ಲರ ಎದುರಿಗೆ ರೇಣುಕಾ ಕಿರುಬೆರಳಿನಿಂದ ಬಾಗಿಲಿನ ಬುಡವನ್ನು ಒಳಕ್ಕೆ ದೂಡಿದಳು. ಬಾಗಿಲು ತುಸು ವಾಲಿ ನೀರು ಸೆರಗಿನಂತೆ ಜಾರಿತು. ತಲೆಯನ್ನು ದೂಡಿದಳು, ಮುಚ್ಚಿಕೊಂಡಿತು. ಮಾವ ತಾವೂ ಒಮ್ಮೆ ಬೆರಳಿಟ್ಟು ನೋಡಿದರು.

"ಖರೇನ ಕೆಲಸಾ ಮಾಡೀರಿ ಬಿಡ್ರಿ" ಎಂದರು.

ನನ್ನ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದ ದಿಂಬು ಆ ಒಂದು ಮಾತಿನಲ್ಲಿ ಬೆನ್ನಿನಿಂದ ಇಳಿಯಿತು. ಅಲ್ಲಿಗೇ ಸುಮ್ಮನಿದ್ದು ಊಟಕ್ಕೆ ಹೋಗಿದ್ದರೆ ಇವತ್ತು ಈ ಬರಹ ಬರೆಯುವ ಪ್ರಸಂಗವೇ ಇರಲಿಲ್ಲ.

ಮಾವ ಮತ್ತು ಯಲ್ಲಪ್ಪ ತೊಟ್ಟಿಗಿಳಿದು ಹತ್ತು ಕುರಿ ಬಿಟ್ಟುಕೊಂಡು ತೊಳೆಯತೊಡಗಿದರು. ನನಗೋ ಉತ್ಸಾಹ ತಡೆಯಲಾಗಲಿಲ್ಲ.

"ಹತ್ತ ಹತ್ತ ಯಾಕ್ರಿ ಮಾವಾರ? ಎಲ್ಲಾ ಬಿಡ್ರಿ. ಒಮ್ಮೆಲೇ ಆಗಿಹೋಗಲಿ."

"ನೀರ ಏರತೈತ್ರಿ ಅಣ್ಣಾರ" ಎಂದ ಯಲ್ಲಪ್ಪ.

"ಏರಲಿ" ಎಂದೆ.

ನೀರಿನ ಒತ್ತಡದ ಬಗ್ಗೆ ನಾನು ಇದುವರೆಗೆ ಆಡಿದ ಮಾತುಗಳಲ್ಲಿ ಅತ್ಯಂತ ಚಿಕ್ಕದು ಅದು, ಅತ್ಯಂತ ದುಬಾರಿಯೂ ಅದೇ. ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, ಓದಿದವರು ಹೇಳುತ್ತಿದ್ದಾರೆ ಎಂದುಕೊಂಡು, ಉಳಿದ ಐವತ್ತನ್ನೂ ಬಿಡಿಸಿದರು. ನೀರು ಬಾಗಿಲಿನ ತಲೆ ದಾಟಿ ನಾಲ್ಕು ಬೆರಳು ಏರಿತು. ನಾನು ಅದನ್ನು ನೋಡಲಿಲ್ಲ. ಬಾಗಿಲಿನ ಹೊರಗೆ, ಅದಕ್ಕೆ ಸರಿಯಾಗಿ ಎದುರಾಗಿ, ಬಿಳಿ ಅಂಗಿ ತೊಟ್ಟು ನಿಂತು ಪಕ್ಕದ ಹೊಲದವರಿಗೆ ಒತ್ತಡದ ತತ್ವ ವಿವರಿಸುತ್ತಿದ್ದೆ. ಎಲ್ಲಕ್ಕಿಂತ ಕೊನೆಗೆ ಟಗರು ಜಿಗಿಯಿತು.

ಬಾಗಿಲು ತಲೆ ಬಗ್ಗಿಸಿ ನನಗೊಂದು ನಮಸ್ಕಾರ ಮಾಡಿತು.

ಆಮೇಲೆ ನಾನು ಗೋವಿನಜೋಳದಲ್ಲಿದ್ದೆ. ಚಸ್ಮಾ ಮೂರು ಸಾಲು ಆಚೆ ಸಿಕ್ಕಿತು. ತೊಟ್ಟಿ ನೋಡನೋಡುತ್ತಿದ್ದಂತೆ ಬರಿದಾಗಿ, ತಳದ ರಾಡಿಯಲ್ಲಿ ಕುರಿಗಳು ಒಂದರ ಮೇಲೊಂದು ಬಿದ್ದು ಒದ್ದಾಡಿ, ಬರುವಾಗ ಇದ್ದುದಕ್ಕಿಂತ ಹೊಲಸಾಗಿ ಹೊರಬಂದವು. ಪುಣ್ಯಕ್ಕೆ ಒಂದಕ್ಕೂ ಪೆಟ್ಟಾಗಿರಲಿಲ್ಲ. ಮಾವ ಮೊಣಕಾಲುದ್ದದ ರಾಡಿಯಲ್ಲಿ ನಿಂತು ಖಾಲಿ ಕಾಲುವೆಯನ್ನು ನೋಡಿದರು, ಗೋಡೆಗೆ ಆನಿಸಿದ್ದ ಜಾಲಿ ಕಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನಾಳೆ ಬೀಗರು ಬಂದು ಈ ಕೆಸರಿಗೆ ಕತ್ತರಿ ಹಾಕದೆ ಹೊರಟುಹೋದರೆ ಈ ಮನೆಯಲ್ಲಿ ಹೇಗೆ ತಲೆ ಎತ್ತುವುದು ಎಂದು ನನಗೆ ಅಳುವೇ ಬಂತು.

"ಯಲ್ಲಪ್ಪಾ, ಹೊಳಿಗೆ ಹೊಡಿ. ಹೊತ್ತ ಮುಣುಗೂದ್ರಾಗ ಮುಗಸೂಣು" ಎಂದರು ಮಾವ.

"ನಾನೂ ಬರ್ತೇನ್ರಿ" ಎಂದೆ.

"ಬ್ಯಾಡ್ರಿ ಅಳಿಯಾರ. ನೀವು ಬಾಗಲಾ ಕಾಯ್ರಿ."

ಖಾಲಿ ತೊಟ್ಟಿಯ ಬಾಗಿಲು! ಹನ್ನೊಂದು ವರ್ಷದಲ್ಲಿ ಮಾವ ನನಗೆ ಹೇಳಿದ ಎರಡನೇ ಕೆಲಸ ಅದು. ಅದನ್ನು ಮಾತ್ರ ಒಂದು ತಪ್ಪೂ ಇಲ್ಲದೆ ಮಾಡಿದೆ. ಕಾಯುತ್ತ ಕುಳಿತಾಗ ಎಲ್ಲವೂ ತಿಳಿಯಿತು. ನೀರು ಹಲಗೆಯ ತಲೆ ದಾಟಿದರೆ ಒತ್ತಡದ ಆ ಬಿಂದು ಮೇಲಕ್ಕೆ ಸರಿಯುತ್ತದೆ. ಸರಳಿಗಿಂತ ಮೇಲೆ ಒತ್ತಿದರೆ ಬಾಗಿಲು ಬಗ್ಗದೆ ಏನು ಮಾಡೀತು? ಇದು ಪುಸ್ತಕದಲ್ಲೇ ಇದೆ. ಪ್ರಯೋಗದ ಎರಡನೇ ಭಾಗದಲ್ಲಿ.

ಸಂಜೆ ಕುರಿಗಳು ಬಂದವು. ಹೊಳೆಯಲ್ಲಿ ಮಿಂದ ಕರಿ ಉಣ್ಣೆ ಮಿರಿಮಿರಿ ಹೊಳೆಯುತ್ತಿತ್ತು. ಆ ಅಂಗಳದಲ್ಲಿ ಮೈ ತೊಳೆಯಬೇಕಾದ ಪ್ರಾಣಿ ಎಂದರೆ ನಾನೊಬ್ಬನೇ ಉಳಿದಿದ್ದೆ. ದಣಿದು ಬಂದಿದ್ದರೂ ಮಾವ ಮೊದಲು ತೊಟ್ಟಿಯ ಕಡೆ ಹೋಗಿ, ಬಾಗಿಲನ್ನು ನೆಟ್ಟಗೆ ಮಾಡಿ, ಜಾಲಿಯ ಅಗಳಿ ಕೊಟ್ಟು ಬಂದರು.

"ಬಾಗಲಾ ಚಲೋ ಐತ್ರಿ. ಅಗಳಿ ಅಷ್ಟ ಕಡಿಮಿ ಇತ್ತು" ಎಂದರು. ಆಮೇಲೆ ಒಳಗೆ ಕೂಗಿದರು. "ರೇಣವ್ವಾ, ಅಳಿಯಾರಿಗೆ ಹೊರಸ ಹಾಕು. ಇನ್ನೊಂದ ದಿಂಬ ತಾ."

ರೇಣುಕಾ ದಿಂಬು ತಂದು ಕೇಳಿದಳು.

"ಕಾಲೇಜಿನ್ಯಾಗೂ ಹಿಂಗ ಕಲಸ್ತೀರೇನ್ರಿ?"

"ಅರ್ಧಾ ಕಲಸ್ತೀನಿ" ಎಂದೆ.

"ಉಳದದ್ದು?"

"ಮನ್ಯಾಗ ಓದ್ಕೋರಿ ಅಂತ ಹೇಳ್ತೀನಿ."

ಅವಳು ಎರಡನೇ ದಿಂಬನ್ನು ನನ್ನ ಬೆನ್ನಿಗೆ ಕೊಟ್ಟು, ಮಡಿಲಿಗೆ ಮೊಬೈಲು ಹಾಕಿದಳು.

"ಓದ್ರಿ ಮತ್ತ. ಮನ್ಯಾಗ ಅದೀರಲ್ಲ."