ಪಕ್ಕದ ಮನೆಯವರ ತಲೆಗೆ ಬಂದ ಚರ್ಚಿನ ಸೂರು

ಸ್ವಲ್ಪ ಹತ್ತಿರ ಬನ್ನಿ. ಮೆಲ್ಲಗೆ ಹೇಳ್ತೀನಿ, ಈ ಊರಲ್ಲಿ ಗೋಡೆ ಅಂದ್ರೆ ಬರೀ ಹಲಗೆ. ಓದಿದ ಮೇಲೆ ನಿಮ್ಮ ಮನೆಯವರ ಹತ್ತಿರಾನೂ ಬಾಯಿ ಬಿಡಕೂಡದು, ಆಣೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಮೆರಿಕದ ರೆಡ್ಮಂಡಿನಲ್ಲಿ ಮಗಳ ಮನೇಲಿ ಕೂತು ನೋಡ್ತಾನೇ ಇದೀನಿ: ದೊಡ್ಡ ದೊಡ್ಡ ಓದು ಓದಿದ ನಮ್ಮ ಜನ ಮನೆ ಕೊಳ್ಳೋಕೆ ಹೊರಟರೆ ಸಾಕು, ಬುದ್ಧೀನ ಆಫೀಸಿನಲ್ಲೇ ಬಿಟ್ಟು ಬರ್ತಾರೆ. ಒಂದಲ್ಲ ಒಂದು ಆಗ್ತಾನೇ ಇರುತ್ತೆ. ಈ ಸಲದ್ದು ನಮ್ಮ ಬೇಲಿ ಪಕ್ಕದಲ್ಲೇ ಆಯ್ತು. ಅದಕ್ಕೆ ನಾನೇನು ಮಾಡ್ಲಿ? ಕಿವಿ ಇದೆ, ಕೇಳಿಸ್ತು.

ನೆರಳಿನ ಪರೀಕ್ಷೆ

ನಮ್ಮ ಮನೆಗೂ ಒಂದು ಹಳೇ ಚರ್ಚಿಗೂ ನಡುವೆ ಒಂದು ಮನೆ. ಅದನ್ನ ಕೊಳ್ಳೋಕೆ ಅಂತ ಗಂಡ ಹೆಂಡತಿ ಬಂದ್ರು. ಮಂಡ್ಯ ಕಡೆಯವರು, ಇಬ್ಬರೂ ಸಾಫ್ಟ್‌ವೇರು. ಆಕೆಗೆ ಮನೆ ಒಪ್ಪಿಗೆ, ಒಂದೇ ಒಂದು ಭಯ. ಗುಡಿ ಗೋಪುರದ ನೆರಳು ಮನೆ ಮೇಲೆ ಬಿದ್ರೆ ಏಳಿಗೆ ಇಲ್ಲ ಅಂತಾರಲ್ಲ, ಚರ್ಚಿನ ಗೋಪುರಕ್ಕೂ ಅದೇ ಲೆಕ್ಕಾನಾ? ಬೆಂಗಳೂರಿನ ವಾಸ್ತುವಿನವರಿಗೆ ವಿಡಿಯೋ ಕಾಲ್ ಹೋಯ್ತು. "ದೇವರು ಯಾರಾದ್ರೇನಮ್ಮ, ನೆರಳು ನೆರಳೇ. ಬೀಳುತ್ತಾ ನೋಡಿ ಹೇಳಿ" ಅಂದ್ರಂತೆ.

ಆಗ ನವೆಂಬರು. ಶನಿವಾರ ಬಂದ್ರು, ಭಾನುವಾರ ಬಂದ್ರು, ಮುಂದಿನ ಶನಿವಾರಾನೂ ಬಂದ್ರು. ಅಂಗಳದಲ್ಲಿ ಕೊಡೆ ಹಿಡ್ಕೊಂಡು ಆಕಾಶ ನೋಡಿದ್ದೇ ನೋಡಿದ್ದು. ಈ ಸಿಯಾಟಲ್ ಸೀಮೇಲಿ ಆ ತಿಂಗಳು ಸೂರ್ಯ ಎಲ್ಲಿಂದ ಬರ್ತಾನೆ? ಕೊನೆಗೆ ಗಂಡನಿಗೆ ಕಾಲ್ಚೀಲ ನೆನೆದು ಸಾಕಾಯ್ತು. "ಲೇ, ನೆರಳೇ ಇಲ್ಲದ ಊರಲ್ಲಿ ದೋಷ ಎಲ್ಲಿಂದ ಬರುತ್ತೆ? ನಡಿ, ಆಫರ್ ಹಾಕೋಣ" ಅಂದ.

ರಾಹುಕಾಲ

ಇನ್ನು ಸೈನು ಹಾಕಿದ ದಿನದ ಕಥೆ. ಇದನ್ನ ಆ ಗಂಡನೇ ಆಮೇಲೆ ನಮ್ಮ ಅಳಿಯನ ಹತ್ತಿರ ಗೋಳು ಹೇಳ್ಕೊಂಡದ್ದು. ನಾನು ಕರಿಬೇವಿನ ಕುಂಡದ ಮಣ್ಣು ಕೆದಕ್ತಾ ಅಲ್ಲೇ ಇದ್ದೆ, ಕೆದಕೋ ಅಷ್ಟು ಮಣ್ಣು ಅದರಲ್ಲಿ ಇರಲಿಲ್ಲ ಅನ್ನಿ. ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿಹೋಗಿತ್ತಂತೆ. ಇನ್ನೇನು ರಾಹುಕಾಲ ಬಂದೇಬಿಡ್ತು. ಕಾಗದ ನೋಡಿದ್ರೆ ಮದುವೆ ಛತ್ರದ ಊಟದೆಲೆ ಕಟ್ಟಿನಷ್ಟು ದಪ್ಪ! ಪತ್ರ ಮಾಡಿಸೋ ಹೆಂಗಸು ಒಂದು ಹಾಳೆ ಮೇಲೆ ಬೆರಳಿಟ್ಟು, "ಇದು ಚರ್ಚಿನ ವಿಷಯ, ನಿಧಾನವಾಗಿ ಓದಿ" ಅಂದಳಂತೆ.

ಹೆಂಡತಿ ವಾಚು ನೋಡ್ತಾ, "ಚರ್ಚು ಪಕ್ಕದಲ್ಲಿದೆ, ಗೊತ್ತು, ತುಂಬಾ ಚೆನ್ನಾಗಿದೆ. ಸೈನು ಎಲ್ಲಿ?"

"ಅಲ್ವೇ, ಒಂದು ಸಲ ಓದೋಣ" ಅಂದನಂತೆ ಗಂಡ.

"ಓದೋಕೆ ಮೂವತ್ತು ವರ್ಷ ಲೋನ್ ಇದೆ ರೀ, ಈಗ ಸೈನು ಹಾಕಿ!"

ಪಾದ್ರಿಗಳು ಬಂದ್ರು

ಗೃಹಪ್ರವೇಶ ಆಯ್ತು, ಹಾಲು ಉಕ್ಕಿತು. ಹಳೇ ಅಡುಗೆಮನೆ ಒಡೆಸಿ ಹೊಸದು ಮಾಡಿಸ್ತೀನಿ ಅಂತ ಆಕೆ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಓಡಾಡಿದ್ಲು. ವರ್ಷಗಟ್ಟಲೆ ಅದಕ್ಕೇ ಅಂತ ದುಡ್ಡು ಕೂಡಿಟ್ಟಿದ್ಲಂತೆ, ಪಾಪ. ಅಷ್ಟರಲ್ಲಿ ಒಂದು ದೊಡ್ಡ ಗಾಳಿ ಬೀಸಿ ಚರ್ಚಿನ ಗಂಟೆ ಗೋಪುರದ ಸೂರು ಕಿತ್ತುಹೋಯ್ತು. ಅದರ ಹಿಂದೆಯೇ ಪಾದ್ರಿಗಳು ಆಪಲ್ ಪೈ ಹಿಡ್ಕೊಂಡು ಇವರ ಮನೆಗೆ ಬಂದ್ರು.

ಆಕೆ ಬಾಗಿಲು ಅರ್ಧ ತೆಗೆದು ಕೈ ಮುಗಿದು, "ನಮ್ಮ ಮನೇಲಿ ದೇವರು ಬೇಕಾದಷ್ಟಿದ್ದಾರೆ, ಇನ್ನೊಬ್ಬರಿಗೆ ಜಾಗ ಇಲ್ಲ" ಅಂದ್ಲು, ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷು ತಿಳಿಯಲ್ಲ ಅಂತ ಇಲ್ಲಿ ಎಲ್ಲರೂ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ ಅಂತ ನಾನೂ ಬಿಟ್ಟಿದೀನಿ.

ಪಾದ್ರಿಗಳು ನಕ್ಕುಬಿಟ್ರು. "ದೇವರ ವಿಷಯ ಅಲ್ಲಮ್ಮ, ಸೂರಿನ ವಿಷಯ."

ನಡೆದದ್ದು ಇಷ್ಟು. ಹಿಂದೆ ಅದು ಪಾದ್ರಿಗಳೇ ಇರ್ತಿದ್ದ ಮನೆ. ಚರ್ಚಿನವರು ಮಾರುವಾಗ, ಈ ಮನೆ ಯಾರ ಕೈಗೆ ಹೋದ್ರೂ ಗೋಪುರದ ರಿಪೇರಿ ಖರ್ಚಿನಲ್ಲಿ ಅರ್ಧ ಅವರದ್ದು ಅಂತ ಕರಾರು ಮಾಡಿಟ್ಟಿದ್ರು. ಇವಳು ಓದದೆ ಸೈನು ಹಾಕಿದ ಹಾಳೆ ಅದೇ. ಪೈ ತಟ್ಟೆ ಮಡಿಲಲ್ಲಿಟ್ಕೊಂಡು ಮೆಟ್ಟಿಲ ಮೇಲೇ ಕೂತ್ಲು. ಅಷ್ಟರಲ್ಲಿ ಒಳಗಿಂದ ಗಂಡ ಕೂಗಿದ: "ಯಾರೇ ಅದು, ಪೈನಾ? ಮೊಟ್ಟೆ ಹಾಕಿದಾರಾ ಕೇಳು!"

ಒಬ್ಬಳಿಗೆ ಮಾತ್ರ ಹೇಳಿದ್ದು

ಲಾಯರ್ ಹತ್ತಿರ ಹೋದ್ರು. ಕರಾರು ಗಟ್ಟಿಯಾಗಿದೆ, ಕೊಡಲೇಬೇಕು ಅಂದ್ನಂತೆ. ಅಲ್ಲಿಗೆ ಅಡುಗೆಮನೆ ಕನಸು ಗೋಪುರ ಹತ್ತಿತು. ಪಾದ್ರಿಗಳು ಒಳ್ಳೆಯವರು. ಒಂದು ಭಾನುವಾರ ಚರ್ಚಿನ ಹಾಲ್‌ನಲ್ಲಿ ಊಟ ಇಟ್ಟು ದುಡ್ಡು ಎತ್ತೋಣ, ಬಂದಷ್ಟೂ ನಿಮ್ಮ ಪಾಲಿಗೆ ಅಂದ್ರು. ಆಕೆ ಮದ್ದೂರು ವಡೆ ಕರೀತೀನಿ ಅಂತ ಒಪ್ಕೊಂಡ್ಲು. ಗಂಡ ಮಾತ್ರ ನಮ್ಮ ಅಳಿಯನ ಕೈ ಹಿಡಿದು, "ಚರ್ಚಿನವರು ಬಂದ್ರೆ ಸಾಕು. ನಮ್ಮ ಕನ್ನಡದವರಿಗೆ ಗೊತ್ತಾಗೋದು ಬೇಡ, ಮಾನ ಹೋಗುತ್ತೆ" ಅಂದ.

ನಾನು ಯಾರಿಗೂ ಹೇಳಲಿಲ್ಲ. ದೇವಸ್ಥಾನದಲ್ಲಿ ಒಬ್ಬಳಿಗೆ, ಅದೂ ಪ್ರದಕ್ಷಿಣೆ ಹಾಕ್ತಾ: "ರಾಹುಕಾಲ ತಪ್ಪಿಸೋಕೆ ಹೋಗಿ ಚರ್ಚಿನ ಸೂರು ತಲೆ ಮೇಲೆ ಹೊತ್ಕೊಂಡವ್ರೆ ಕಣೇ. ಭಾನುವಾರ ಅಲ್ಲೇ ವಡೆ ಕರೀತಾರಂತೆ. ಬಾಯಿ ಬಿಟ್ಟೀಯ!"

ಭಾನುವಾರ ನೋಡ್ತೀನಿ, ಬೀದಿ ತುಂಬಾ ಕಾರು! ಇವರ ಮುಖ ಹೇಗಾಗಿದೆ ನೋಡೋಣ ಅಂತ ಎಲ್ಲೆಲ್ಲಿಂದಲೋ ಬಂದವ್ರೆ. ಬಂದವರು ವಡೆ ತಿಂದ್ರು, ಕಟ್ಟಿಸ್ಕೊಂಡ್ರು, ಡಬ್ಬಿಗೆ ನೋಟು ಹಾಕಿದ್ರು, ಚರ್ಚಿನ ಅಜ್ಜಿಯರ ಜೊತೆ ಫೋಟೋನೂ ತೆಗೆಸ್ಕೊಂಡ್ರು. ಸಂಜೆ ಹೊತ್ತಿಗೆ ಇವರ ಪಾಲು ಪೂರ್ತಿ ಎದ್ದುಬಂತು. ಅಡುಗೆಮನೆ ಉಳೀತು.

ನಾನು ಮೂಲೇಲಿ ಕೂತು ಎರಡನೇ ವಡೆ ಮುರೀತಿದ್ದೆ. ಆಕೆ ಜಾಲರಿ ಸೌಟು ಹಿಡ್ಕೊಂಡು ನೆಟ್ಟಗೆ ನನ್ನ ಕಡೆಗೇ ಬಂದ್ಲು. ಬೈತಾಳೋ, ಕಾಲಿಗೆ ಬೀಳ್ತಾಳೋ ಗೊತ್ತಾಗದೆ ಮುರಿದ ವಡೆ ತಟ್ಟೆಗೇ ಇಟ್ಟೆ. ಆಕೆ ಇನ್ನೊಂದು ವಡೆ ನನ್ನ ತಟ್ಟೆಗೆ ಹಾಕಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಲು:

"ಸೂರು ರಿಪೇರಿ ಆಗೋವರೆಗೂ ಗಂಟೆ ಹೊಡೆಯೋ ಹಾಗಿಲ್ಲವಲ್ಲ, ಜನರನ್ನ ಹೇಗೆ ಕರೆಯೋದು ಅಂತ ಪಾದ್ರಿಗಳು ಕೊರಗ್ತಿದ್ರು ಆಂಟಿ. ನಾನೇ ಧೈರ್ಯ ಹೇಳ್ದೆ. ನಮ್ಮ ಬೇಲಿ ಪಕ್ಕದಲ್ಲೇ ಒಂದಿದೆ, ಹಗ್ಗ ಎಳೆಯೋದೂ ಬೇಡ, 'ಯಾರಿಗೂ ಹೇಳ್ಬೇಡಿ' ಅಂದ್ರೆ ಸಾಕು ಅಂತ."