ನಾಲ್ಕು ಓಮಿನ ಮರ್ಯಾದೆ

ಎಲ್ಲ ರಗಳೆಯೂ ಶುರುವಾದದ್ದು ಷಡ್ಡಕನ ಒಂದು ಮಾತಿನಿಂದ. ಹಿಂದಿನ ತಿಂಗಳು ಎರಡೂ ಸಂಸಾರ ಒಂದೇ ಕಾರಿನಲ್ಲಿ ಹೊರಟಿದ್ದಾಗ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಷಡ್ಡಕ, "ಏನಯ್ಯಾ, ನಿನ್ನ ಕಾರಲ್ಲಿ ಹಾಡೋನಿಗೆ ಗಂಟಲು ಬಾವು ಬಂದಿದೆಯಾ? ಪಾಪ, ಬಿಸಿನೀರಾದ್ರೂ ಕೊಡು" ಅಂದಿದ್ದ. ಅತ್ತಿಗೆ ನಕ್ಕಳು. ಹೆಂಡತಿಯೂ ನಕ್ಕಳು. ಸಾಲದ್ದಕ್ಕೆ ಸ್ಪೀಕರಿನಲ್ಲಿ ಹಾಡುತ್ತಿದ್ದವನು ಸರಿಯಾಗಿ ಅದೇ ಹೊತ್ತಿಗೆ ಎರಡು ಸಲ ಕೆಮ್ಮಿ ಸುಮ್ಮನಾದ.

ಕಾರಿನ ಯಜಮಾನ ಕಾಲೇಜಿನ ಲೈಬ್ರರಿಯನ್. ಹುಡುಗರು ಇಟ್ಟ ಹೆಸರು ಶ್ಶಪ್ಪ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎಂಟು ಗಂಟೆ ತುಟಿಯ ಮೇಲೆ ಬೆರಳಿಟ್ಟು 'ಶ್ಶ್' ಅನ್ನುವುದೇ ಅವನ ಉದ್ಯೋಗ. ಅಷ್ಟು ವರ್ಷ ಊರವರ ಸದ್ದನ್ನೆಲ್ಲ ಅಡಗಿಸಿದ ಮನುಷ್ಯನ ಹೊಟ್ಟೆಯೊಳಗೆ ಎಷ್ಟು ಸದ್ದು ಕೂಡಿಬಿದ್ದಿರಬೇಡ! ಷಡ್ಡಕನ ಮಾತು ಆ ಮದ್ದಿನ ಮನೆಗೆ ಕಿಡಿ ಹಾರಿಸಿತು. ಶ್ಶಪ್ಪ ನೇರವಾಗಿ ಅಂಗಡಿಗೆ ಹೋಗಿ ಒಂದು ಆಂಪ್ಲಿಫೈಯರನ್ನೂ ಕುಂಬಳಕಾಯಿ ಗಾತ್ರದ, ಬರೀ ದಪ್ಪ ಸದ್ದು ಹೊರಡಿಸುವ ಒಂದು ಸಬ್‌ವೂಫರನ್ನೂ ಹೊತ್ತು ತಂದ.

ಅಂಗಡಿಯವನು ಬ್ಯಾಟರಿಯಿಂದ ಡಿಕ್ಕಿಯವರೆಗೆ ವೈರು ಎಳೆದು ಕೊಟ್ಟು, "ಮಿಕ್ಕಿದ್ದು ನಾಲ್ಕೇ ವೈರು. ಓಮ್ ನೋಡ್ಕೊಂಡು ಸಿಕ್ಕಿಸಿ ಸಾರ್" ಅಂದಿದ್ದ. ಓಂ ಅಂದುಕೊಂಡು ಶುರುಮಾಡಿ ಅಂದನೇನೋ ಎಂದು ಶ್ಶಪ್ಪ ಭಕ್ತಿಯಿಂದ ತಲೆಯಾಡಿಸಿ ಬಂದ.

ಭಾನುವಾರ ಸಂಜೆ ಐದಕ್ಕೆ ಷಡ್ಡಕ, ತನ್ನ ಮನೆಯಲ್ಲೇ ಇರುವ ಮಾವನವರನ್ನು ಕರಕೊಂಡು ಬರುವವನಿದ್ದ. ಅಷ್ಟರೊಳಗೆ ಕಾರು ಗುಡುಗಬೇಕು, ಷಡ್ಡಕನ ಬಾಯಿ ಮುಚ್ಚಬೇಕು. ಮಧ್ಯಾಹ್ನ ಎರಡಕ್ಕೆ ಶ್ಶಪ್ಪ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ಡಿಕ್ಕಿ ತೆರೆದ. ಡಿಕ್ಕಿ ತೆರೆದ ಕಾರಿಗೂ ಬೆಲ್ಲಕ್ಕೂ ವ್ಯತ್ಯಾಸವಿಲ್ಲ. ಮೊದಲು ಬಂದು ಮುತ್ತಿದವರು ಮೂರನೇ ಮಹಡಿಯ ಫಿಸಿಕ್ಸ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾಗಿತ್ತು, ಪಾಠ ಮಾತ್ರ ಇನ್ನೂ ಬಾಕಿ ಇತ್ತು.

"ಇದರೊಳಗೆ ಎರಡು ಕಾಯಿಲ್, ಅಂದ್ರೆ ತಂತಿ ಸುರುಳಿ, ಇದೆ ಕಣ್ರೀ, ಒಂದೊಂದು ನಾಲ್ಕು ಓಮು," ಎಂದರು ಮೇಷ್ಟ್ರು, ವೂಫರಿನ ಹಿಂಭಾಗ ಓದುತ್ತ. "ಓಮ್ ಅಂದ್ರೆ ತಡೆ. ತಡೆ ಜಾಸ್ತಿಯಾದ್ರೆ ಕರೆಂಟು ಕಮ್ಮಿ, ಸದ್ದು ಸಣ್ಣದು. ತಡೆ ಕಮ್ಮಿಯಾದ್ರೆ ಕರೆಂಟು ನುಗ್ಗುತ್ತೆ, ಆಂಪ್ಲಿಫೈಯರ್ ಸುಡುತ್ತೆ. ಆಂಪ್ಲಿಫೈಯರಲ್ಲಿ ಎರಡು ಚಾನೆಲ್ ಇದೆ, ಸದ್ದು ಹೊರಡೋ ಎರಡು ದಾರಿ. ಎರಡೂ ಸೇರಿಸಿ ಒಂದೇ ಮಾಡಿದ್ರೆ ಜೋರು ಬರುತ್ತೆ, ಆದ್ರೆ ನಾಲ್ಕು ಓಮಿಗಿಂತ ಕೆಳಗೆ ಇಳಿಯೋ ಹಾಗಿಲ್ಲ ಅಂತ ಬರೆದಿದ್ದಾನೆ."

"ಹಾಗಾದ್ರೆ ಏನ್ ಮಾಡ್ಲಿ ಮೇಷ್ಟ್ರೇ?"

"ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ. ನಾಲ್ಕೂ ನಾಲ್ಕೂ ಎಂಟು. ಸುಡೋ ಮಾತೇ ಇಲ್ಲ."

ಕಟ್ಟಿ, ಹಾಡು ಹಾಕಿದ್ದಾಯಿತು. ವೂಫರಿನಿಂದ ಬಂದ ಸದ್ದು, ದಪ್ಪ ಮನುಷ್ಯನೊಬ್ಬ ಪಕ್ಕದ ಮನೆಯಲ್ಲಿ ಚಪ್ಪಲಿ ಬಿಟ್ಟಂತಿತ್ತು. ಶ್ಶಪ್ಪ ಡಿಕ್ಕಿಯೊಳಗೆ ತಲೆ ತೂರಿಸಿ ಕಿವಿಗೊಟ್ಟ.

"ಹಾಡ್ತಿದೆಯಾ?"

"ಸುರಕ್ಷಿತವಾಗಿ ಹಾಡ್ತಿದೆ," ಎಂದರು ಮೇಷ್ಟ್ರು ತೃಪ್ತಿಯಿಂದ.

ಆ ಹೊತ್ತಿಗೆ, ಲಿಫ್ಟ್ ರಿಪೇರಿಗೆಂದು ಬಂದಿದ್ದ ಮೆಕ್ಯಾನಿಕ್, ಎರಡು ಮಹಡಿಯ ನಡುವೆ ಯಾರನ್ನೋ ನಿಲ್ಲಿಸಿ, ತಾನು ಇಲ್ಲಿ ಬಂದು ನಿಂತ. "ಅಯ್ಯೋ ಸಾರ್, ಸೀರೀಸ್ ಕೊಟ್ಟಿದ್ದೀರಾ? ಆನೆ ತಂದು ಇಲಿ ಬೋನಿಗೆ ಹಾಕ್ದಂಗಾಯ್ತು. ಪ್ಯಾರಲಲ್ ಕೊಡಿ. ತಲೆ ತಲೆಗೆ, ಬಾಲ ಬಾಲಕ್ಕೆ."

"ಎರಡು ಓಮಿಗೆ ಇಳಿಯುತ್ತಲ್ಲಯ್ಯಾ!" ಮೇಷ್ಟ್ರು ಗದರಿದರು.

"ಇಳೀಲಿ ಬಿಡಿ. ನನ್ನ ಲಿಫ್ಟಿಗೆ ಆರು ಜನ ಅಂತ ಬರೆದಿದೆ, ಹನ್ನೊಂದು ಜನ ಹತ್ತಲ್ವಾ? ಬರೆಯೋರು ಒಂಚೂರು ಹೆದರಿಸಿಯೇ ಬರೆಯೋದು."

ಶ್ಶಪ್ಪನಿಗೆ ಷಡ್ಡಕನ ಮುಖ ಕಣ್ಮುಂದೆ ಬಂತು. ತಲೆ ತಲೆಗೆ, ಬಾಲ ಬಾಲಕ್ಕೆ ಕಟ್ಟಿ ಹಾಡು ಹಾಕಿದ.

ಧಡ್! ನಂಬರ್ ಪ್ಲೇಟು ಹಲ್ಲು ಕಡಿಯಿತು. ಅಕ್ಕಪಕ್ಕದ ನಾಲ್ಕು ಕಾರುಗಳು ಒಟ್ಟಿಗೆ ಕಿರುಚಿಕೊಂಡವು. ಮೊದಲ ಮಹಡಿಯಲ್ಲಿ ಏನೋ ಸ್ಟೀಲಿನದು ಬಿದ್ದು, ಬಹಳ ಹೊತ್ತು ತಿರುಗಿ, ನಿಂತಿತು. ಲಿಫ್ಟಿನೊಳಗಿಂದ "ಬೀಳ್ತಾ ಇದೆ, ಕಾಪಾಡಿ!" ಅಂತ ಒಂದು ಹೆಣ್ಣು ದನಿ ಕೇಳಿತು. ಶ್ಶಪ್ಪನ ಮುಖದಲ್ಲಿ ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ಬಿಡುಗಡೆಯ ನಗು ಮೂಡಿತು.

ಅದು ನಲವತ್ತು ಸೆಕೆಂಡು ಬಾಳಿತು. ಆಂಪ್ಲಿಫೈಯರಿನಲ್ಲಿ ಕೆಂಪು ದೀಪ ಹೊತ್ತಿ ಸದ್ದು ನಿಂತಿತು. ಮುಟ್ಟಿ ನೋಡಿದ ಮೆಕ್ಯಾನಿಕ್ ಬೆರಳನ್ನು ಬಾಯಿಗಿಟ್ಟುಕೊಂಡ. ಮೇಷ್ಟ್ರು ಮಡಿಚಿದ ಪೇಪರಿನಿಂದ ಅದಕ್ಕೆ ಗಾಳಿ ಹಾಕುತ್ತ, "ಪ್ರಜ್ಞೆ ತಪ್ಪಿದೆ ಅಷ್ಟೆ, ಜೀವ ಇದೆ" ಎಂದರು.

"ಎಂಟು ಕೊಟ್ರೆ ನಿದ್ದೆ ಮಾಡುತ್ತೆ, ಎರಡು ಕೊಟ್ರೆ ಮೂರ್ಛೆ ಹೋಗುತ್ತೆ," ಶ್ಶಪ್ಪ ತಲೆಮೇಲೆ ಕೈಹೊತ್ತು ಕೂತ. "ನಾಲ್ಕು ಎಲ್ಲಿಂದ ತರ್ಲಿ?"

"ಒಂದು ಸಲ ಹಂಗೆ, ಒಂದು ಸಲ ಹಿಂಗೆ ಕೊಟ್ರೆ?" ಎಂದ ಮೆಕ್ಯಾನಿಕ್. "ಎಂಟೂ ಎರಡೂ ಹತ್ತು, ಅರ್ಧ ಮಾಡಿದ್ರೆ ಐದು. ಸುಮಾರಿಗೆ ಸರಿಹೋಗುತ್ತೆ."

ಮೇಷ್ಟ್ರು ಪೇಪರನ್ನು ಮೆಕ್ಯಾನಿಕ್ಕಿನ ಕಡೆ ಎತ್ತಿದರು. ಇಬ್ಬರೂ ಒಂದು ತಾಸು ಕಾದಾಡಿದರು. ಆಮೇಲೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹೆಂಗಸನ್ನು ಇಳಿಸಿದಾಗ ಹೊರಬಂದವಳು ಶ್ಶಪ್ಪನ ಹೆಂಡತಿಯೇ. ತರಕಾರಿ ಚೀಲವನ್ನು ಕಾರಿನ ಮೇಲೆ ಕುಕ್ಕಿ, ರಟ್ಟಿನ ಡಬ್ಬದಲ್ಲಿ ಬಿದ್ದಿದ್ದ ಪುಸ್ತಕ ತೆಗೆದು ಹಾಳೆ ತಿರುವಿದಳು.

"ಇಲ್ನೋಡಿ. ಎರಡು ಚಾನೆಲ್, ಎರಡು ಕಾಯಿಲ್. ಸೇರಿಸೋದೇ ಬೇಡ, ಇದಕ್ಕೊಂದು ಅದಕ್ಕೊಂದು ಕೊಡಿ ಅಂತ ಚಿತ್ರ ಬರೆದು ತೋರ್ಸಿದ್ದಾನೆ. ಆಗ ಒಂದೊಂದಕ್ಕೂ ನಾಲ್ಕು ನಾಲ್ಕೇ." ಪುಸ್ತಕವನ್ನು ಗಂಡನ ಕೈಗೆ ತುರುಕಿದಳು. "ಹದಿನೇಳು ಸಾವಿರ ಪುಸ್ತಕ ಕಾಯ್ತೀರಿ, ಹನ್ನೆರಡು ಪುಟ ಓದೋಕಾಗ್ಲಿಲ್ವೇನ್ರೀ?"

ಮೇಷ್ಟ್ರು ಆಕಾಶ ನೋಡಿದರು. ಪಾರ್ಕಿಂಗಿನಲ್ಲಿ ಆಕಾಶವಿರಲಿಲ್ಲ.

ಹಾಗೇ ಕಟ್ಟಿದರು. ತಣ್ಣಗಾದ ಆಂಪ್ಲಿಫೈಯರ್ ಹಸಿರು ದೀಪ ತೋರಿಸಿತು. ಸದ್ದು ಗಂಭೀರವಾಗಿ, ನೆಲದೊಳಗಿಂದ ಎದ್ದು ಬಂದ ಹಾಗೆ ಬಂತು. ಒಂದು ಚರಣ ಮುಗಿಯುವ ಮೊದಲೇ ಗೇಟಿನಲ್ಲಿ ಆಟೋ ನಿಂತಿತು. ಷಡ್ಡಕನ ಕಾರು ಸರ್ವೀಸಿಗೆ ಹೋಗಿತ್ತು.

"ಏನಯ್ಯಾ ಇದು, ಹಳೇ ಗಾಡಿಗೆ ಭೇದಿ ಶುರುವಾಯ್ತಾ?" ಎನ್ನುತ್ತ ಷಡ್ಡಕ ಇಳಿದ. ಹಿಂದೆಯೇ ಮಾವನವರು. ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗಗಳ ನಡುವೆ ನಿಂತು ಕಿವಿ ಕಳಕೊಂಡವರು. ಕಿವಿಯ ಮಿಷಿನ್ನು ಕೆರೆಯುತ್ತದೆಂದು ಜೇಬಿನಲ್ಲೇ ಇಟ್ಟಿರುತ್ತಿದ್ದರು. ಅಳಿಯಂದಿರು ವಾದಕ್ಕೆ ನಿಂತದ್ದು ನೋಡಿ, ಮಂಡಿ ನೋವಿನ ಅವರು ತೆರೆದಿದ್ದ ಬಾಗಿಲಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು.

ಷಡ್ಡಕನಿಗೆ ತೋರಿಸಿಯೇ ಬಿಡಬೇಕೆಂದು ಶ್ಶಪ್ಪ ಮುಂದಿನ ಕಿಟಕಿಯಿಂದ ಕೈ ತೂರಿಸಿ ಸದ್ದನ್ನು ಪೂರ್ತಿ ಏರಿಸಿದ. ಷಡ್ಡಕ ಎರಡೂ ಕಿವಿ ಮುಚ್ಚಿಕೊಂಡು ಕಂಬದ ಹಿಂದೆ ಸರಿದ. ಗೆದ್ದೆ ಎಂದುಕೊಂಡು ಶ್ಶಪ್ಪ ತಿರುಗಿ ನೋಡಿದರೆ, ಮಾವನವರು ಸೀಟಿಗೆ ಬೆನ್ನು ಒತ್ತಿ, ಎದೆಯ ಮೇಲೆ ಕೈಯಿಟ್ಟುಕೊಂಡು ಕಲ್ಲಾಗಿದ್ದರು.

"ಅಪ್ಪಾ!" ಹೆಂಡತಿ ಓಡಿದಳು. "ಅಯ್ಯೋ, ಎದೆನೋವಾ?"

"ತಾಳ!" ಮಾವನವರು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. "ತಾಳ ಕಣೇ! ಬೆನ್ನಲ್ಲಿ ಕೇಳ್ತಾ ಇದೆ! ಒಂಬತ್ತು ವರ್ಷ ಆಯ್ತು ಹಾಡು ಕೇಳಿ!" ಅವರ ಕಣ್ಣಲ್ಲಿ ನೀರಿತ್ತು, ಕಾಲು ಮಾತ್ರ ಕುಣಿಯುತ್ತಿತ್ತು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಪುಣ್ಯದ ಕೆಲಸವನ್ನು ಅರಿಯದೇ ಮಾಡಿದೆನಲ್ಲ ಎಂದು ಶ್ಶಪ್ಪನ ಎದೆಯೂ ವೂಫರಿನಷ್ಟೇ ಉಬ್ಬಿತು.

ಟೀ ಕಾರಿನೊಳಕ್ಕೇ ಹೋಯಿತು. ಎರಡನೇ ಟೀಯೂ ಹೋಯಿತು. ಏಳು ಗಂಟೆಗೆ ಹೊರಡುವ ಹೊತ್ತಾಯಿತು. ಮಾವನವರು ಇಳಿಯಲಿಲ್ಲ. ಕೈಹಿಡಿದು ಎಳೆದರೆ ಮುಂದಿನ ಸೀಟನ್ನು ತಬ್ಬಿಕೊಂಡರು.

"ಹಿರೀ ಅಳಿಯಂದ್ರೇ," ಎಂದು ಗರ್ಜಿಸಿದರು, "ಓಡಿಸಿ ಮನೆಗೆ! ದಿನಾ ಬೆಳಿಗ್ಗೆ ಒಂದು ರೌಂಡು, ಸಂಜೆ ಒಂದು ರೌಂಡು!"

"ಇದನ್ನಾ? ನಾನಾ?" ಷಡ್ಡಕನ ಮುಖ ಬಿಳಿಚಿತು.

"ತಗೊಂಡ್ಹೋಗಿ ಭಾವ," ಎಂದಳು ಹೆಂಡತಿ, ಕೀಲಿಯನ್ನು ಅವನ ಕೈಗಿಟ್ಟು. "ಅಪ್ಪ ನಗೋದು ನೋಡಿ ಎಷ್ಟು ವರ್ಷ ಆಯ್ತು. ಕಾರು ನಿಮ್ಮಲ್ಲೇ ಇರ್ಲಿ."

"ಲೇ, ನಾಳೆ ನಾನು ಕೆಲಸಕ್ಕೆ ಹೋಗೋದು?" ಶ್ಶಪ್ಪ ಪಿಸುಗುಟ್ಟಿದ.

"ಬಸ್ಸಿದೆಯಲ್ರೀ."

ಷಡ್ಡಕ ಕಿವಿಗೆ ಹತ್ತಿ ತುರುಕಿಕೊಂಡು, ಗಲ್ಲಿಗೆ ಹೊರಟವನಂತೆ ಸ್ಟಿಯರಿಂಗ್ ಹಿಡಿದ. ಕಾರು ಗೇಟು ದಾಟಿ, ಬೀದಿಯ ಕಿಟಕಿಗಳನ್ನೆಲ್ಲ ತೆರೆಸುತ್ತ ಸಾಗಿತು. ಹಿಂದಿನ ಗಾಜಿನಲ್ಲಿ ಮಾವನವರ ತಲೆ ತಾಳಕ್ಕೆ ಸರಿಯಾಗಿ ತೂಗುತ್ತಿತ್ತು. ಶ್ಶಪ್ಪ ಖಾಲಿ ಪಾರ್ಕಿಂಗಿನಲ್ಲಿ, ಕೈಯಲ್ಲಿ ಹನ್ನೆರಡು ಪುಟದ ಪುಸ್ತಕ ಹಿಡಿದು ನಿಂತಿದ್ದ.

ಮೆಕ್ಯಾನಿಕ್ ಪಕ್ಕಕ್ಕೆ ಬಂದು ನಿಂತು ಕಿವಿಯಾನಿಸಿದ.

"ಮೇನ್ ರೋಡಿಗೆ ಹೋದ್ರೂ ಇಲ್ಲಿಗೆ ಕೇಳ್ತಾ ಇದೆ ನೋಡಿ. ಫಿಟ್ಟಿಂಗ್ ಮಾತ್ರ ಫಸ್ಟ್ ಕ್ಲಾಸ್ ಸಾರ್. ಅಂದಹಾಗೆ, ಒಳಗೆ ಕೂತ್ರೆ ಹೆಂಗೆ ಕೇಳುತ್ತೆ?"

"ಗೊತ್ತಿಲ್ಲಪ್ಪ," ಎಂದ ಶ್ಶಪ್ಪ. "ನಾನಿನ್ನೂ ಕೂತಿಲ್ಲ."